ಬೆಕ್ಕು, ಟ್ರಂಕು ಮತ್ತು ಅವ್ವನ ಕೌದಿ

ಕೆಲವು ವಿಷಯಗಳನ್ನು ಸಭ್ಯರು ನಾಲ್ಕು ಜನರ ನಡುವೆ ಎತ್ತುವುದಿಲ್ಲ. ಬೆಕ್ಕಿನ ಮೂತ್ರ ಅಂಥವುಗಳಲ್ಲೊಂದು. ಮನೆಗೆ ಬಂದ ಬೀಗರು ಪಡಸಾಲೆಯಲ್ಲಿ ಕುಳಿತು ಚಹಾ ಕುಡಿಯುತ್ತ ಮೂಗನ್ನು ಒಮ್ಮೆ ಅತ್ತ, ಒಮ್ಮೆ ಇತ್ತ ತಿರುಗಿಸುತ್ತಾರೆ. ನಾವು ಎದ್ದು ಕಿಟಕಿ ತೆರೆಯುತ್ತೇವೆ. ಮನೆಯಾಕೆ ಒಳಗೆ ಹೋಗಿ ಎರಡು ಊದಿನಕಡ್ಡಿ ಹಚ್ಚುತ್ತಾಳೆ. ಮಾತು ಮಾತ್ರ ಮಳೆ, ಬೆಳೆ, ಮಕ್ಕಳ ಪರೀಕ್ಷೆಗಳ ಮೇಲೆಯೇ ಸಾಗುತ್ತದೆ. ಆದರೆ ಬೆಕ್ಕು ಸಾಕಿದ ಮನೆಗಳು ಪುಣೆಯ ನಮ್ಮ ಕನ್ನಡಿಗರಲ್ಲಿ ಕಡಿಮೆಯೇನಿಲ್ಲ. ಹೋದ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ನಡೆದುದನ್ನು ಮುಚ್ಚಿಡುವುದಕ್ಕಿಂತ ಬರೆದಿಡುವುದು ಮೇಲೆಂದು ತೋರಿ ಈ ಲೇಖನಕ್ಕೆ ಕೈಹಚ್ಚಿದ್ದೇವೆ. ವಾಚಕರು ಊಟಕ್ಕೆ ಕುಳಿತಾಗ ಇದನ್ನು ಓದದಿದ್ದರೆ ಸಾಕು.

ನಮ್ಮ ಅವ್ವ ತೀರಿಕೊಂಡು ಮೂರು ವರ್ಷವಾಯಿತು. ಧಾರವಾಡದ ಮನೆ ಬಿಟ್ಟು ನಮ್ಮಲ್ಲಿಗೆ ಬಂದಾಗ ಅವಳ ಸಂಗಡ ಬಂದದ್ದು ಒಂದೇ ಒಂದು ತಗಡಿನ ಟ್ರಂಕು. ಅದರಲ್ಲಿ ಮೇಲೊಂದು ಕೌದಿ. ಕೌದಿಯ ಕೆಳಗೆ ಮದುವೆಯಲ್ಲಿ ಉಟ್ಟ ಇಳಕಲ್ ಸೀರೆ. ತಳದಲ್ಲಿ, ಒಂದು ಅರಿವೆಯ ಗಂಟಿನಲ್ಲಿ, ಮದುವೆಗೆ ಮುಂಚೆ ಅಪ್ಪ ಬರೆದ ನಾಲ್ಕು ಇನ್‌ಲ್ಯಾಂಡ್ ಪತ್ರಗಳು ಮತ್ತು ಒಂದು ಕಪ್ಪು-ಬಿಳಿ ಫೋಟೋ. ಟ್ರಂಕನ್ನು ಹಳೆಯ ಸಾಮಾನಿನ ಅಂಗಡಿಗೆ ಒಯ್ದರೆ ತಗಡಿನ ಬೆಲೆಯಷ್ಟೇ ಬಂದೀತು.

ಕೌದಿ ಎಂದರೇನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಪುಣೆಯಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಿಗಾಗಿ ಹೇಳುತ್ತೇವೆ: ಮರಾಠಿಯವರ ಗೋಧಡಿಯೇ ನಮ್ಮ ಕೌದಿ. ಹರಿದ ಸೀರೆ, ಜೀರ್ಣವಾದ ಧೋತರ, ಮಕ್ಕಳಿಗೆ ಬಾರದಾದ ಅಂಗಿ, ಇವುಗಳ ತುಂಡುಗಳನ್ನು ಪದರು ಪದರಾಗಿ ಹಾಸಿ, ಅಂಚಿನಿಂದ ಒಳಮುಖವಾಗಿ ಸಾಲುಸಾಲು ಹೊಲಿಗೆ ಹಾಕುತ್ತ ಬಂದರೆ ಕೌದಿಯಾಗುತ್ತದೆ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಹೊಲಿದ ಕೌದಿಗಳು ಈಗ ಅಮೆರಿಕದ ವಸ್ತುಸಂಗ್ರಹಾಲಯಗಳಲ್ಲಿಯೂ ಪ್ರದರ್ಶನ ಕಂಡಿವೆ. ಅವ್ವನ ಕೌದಿ ಅಷ್ಟು ದೂರ ಹೋಗುವಂಥದಲ್ಲ. ಅದರಲ್ಲಿ ನಮ್ಮ ಅಜ್ಜಿಯ ಸೀರೆ ಇದೆ, ಅಪ್ಪನ ಧೋತರವಿದೆ, ಅಕ್ಕನ ಪರಕಾರವಿದೆ, ನಮ್ಮ ಸಾಲೆಯ ಖಾಕಿ ಚಡ್ಡಿಯೂ ಇದೆ. ಕೊನೆಯ ಆರು ತಿಂಗಳು ಅವ್ವ ಅದನ್ನೇ ಹೊದ್ದು ಮಲಗಿದ್ದಳು. ಹೀಗಾಗಿ ಅದಕ್ಕೆ ಕೊಬ್ಬರಿ ಎಣ್ಣೆಯ, ಅಮೃತಾಂಜನದ ವಾಸನೆ ಹಿಡಿದಿತ್ತು. ಇವೆರಡೂ ಅಲ್ಲದ, ಹೆಸರಿಡಲಾಗದ ಇನ್ನೊಂದು ವಾಸನೆಯೂ ಇತ್ತು. ಅದಕ್ಕಾಗಿಯೇ ಮೂರು ವರ್ಷ ಅದನ್ನು ಯಾರೂ ಒಗೆದಿರಲಿಲ್ಲ. ಹುಬ್ಬಳ್ಳಿಯಿಂದ ಅಕ್ಕ ಬಂದಾಗಲೆಲ್ಲ ಟ್ರಂಕು ತೆರೆದು, ಕೌದಿಯಲ್ಲಿ ಒಂದು ಗಳಿಗೆ ಮುಖವಿಟ್ಟು, ಮತ್ತೆ ಮುಚ್ಚಳ ಹಾಕುತ್ತಿದ್ದಳು. ನಾವು ಆ ಹೊತ್ತಿಗೆ ಹೊರಗೆ ಹೋಗಿ ನಿಲ್ಲುತ್ತಿದ್ದೆವು.

ಆ ಟ್ರಂಕಿನಲ್ಲಿ ನಮ್ಮ ಬೋಕ್ಯಾ ಇಳಿದ.

ಬೋಕ್ಯಾ ಎಂದರೆ ಮರಾಠಿಯಲ್ಲಿ ಗಂಡು ಬೆಕ್ಕು. ಕಟ್ಟಡದ ಹುಡುಗರು ಇಟ್ಟ ಹೆಸರು. ಮರಿಯಾಗಿದ್ದಾಗ ಅವ್ವನೇ ಹಾಲು ಹಾಕಿ ಅವನನ್ನು ಸಾಕಿಕೊಂಡವಳು. ಜುಲೈ ತಿಂಗಳು, ಪುಣೆಯ ಮಳೆ ವಾಚಕರಿಗೆ ಗೊತ್ತಿದ್ದದ್ದೇ. ಗೋಡೆಯೂ ಬೆವರುವ ಕಾಲ. ಬೂಸು ಹಿಡಿಯಬಾರದೆಂದು ಟ್ರಂಕಿನ ಮುಚ್ಚಳ ತೆರೆದಿಟ್ಟಿದ್ದೆವು. ಬೋಕ್ಯಾನ ಮರಳಿನ ತಟ್ಟೆ ಬಾಲ್ಕನಿಯಲ್ಲಿತ್ತು. ಇರಚಲು ಹೊಡೆಯುತ್ತದೆಂದು ಎರಡು ದಿನ ಬಾಲ್ಕನಿಯ ಬಾಗಿಲು ಹಾಕಿಬಿಟ್ಟಿದ್ದೆವು. ತಪ್ಪು ಯಾರದೆಂದು ಇಲ್ಲಿಯೇ ಹೇಳಿಬಿಡುವುದು ನ್ಯಾಯ.

ಮೊದಲ ದಿನ ನಾವು ಮಾಡಿದ್ದೆಲ್ಲವೂ ಮಾಡಬಾರದ್ದೇ. ಗೀಝರಿನಿಂದ ಕೈಸುಡುವ ನೀರು ಹಿಡಿದು ಕೌದಿಯ ಒಂದು ಮೂಲೆಗೆ ಸುರಿದೆವು. ಬಿಸಿನೀರಿಗೆ ಹೋಗದ ಕೊಳೆಯಿಲ್ಲವೆಂಬುದು ಎಲ್ಲರ ನಂಬಿಕೆಯಷ್ಟೆ. ಹೋಗುವುದಿರಲಿ, ವಾಸನೆ ಹಬೆಯ ಸಂಗಡ ಎದ್ದು ಮನೆಯನ್ನೆಲ್ಲ ತುಂಬಿತು. ಬೆಕ್ಕಿನ ಮೂತ್ರದಲ್ಲಿ ಪ್ರೋಟೀನಿನ ಅಂಶ ಸಾಕಷ್ಟಿರುತ್ತದೆ. ಬಿಸಿಗೆ ತತ್ತಿಯ ಬಿಳಿಯಂತೆ ಅದು ಗಟ್ಟಿಯಾಗಿ ನೂಲನ್ನು ಹಿಡಿದುಕೊಳ್ಳುತ್ತದೆ ಎಂಬುದು ಆಮೇಲೆ ತಿಳಿಯಿತು. ಸೀರೆಯ ಸೆರಗಿಗೂ ಅಂಗೈಯಗಲ ತಗಲಿತ್ತು. ಅದನ್ನು ಒಂದು ಲಾಂಡ್ರಿಗೆ ಒಯ್ದು ಕೊಟ್ಟೆವು. ಅವನು ನೀರು ಚಿಮುಕಿಸಿ ಇಸ್ತ್ರಿ ಎಳೆದ. ತಿಳಿಹಳದಿಯ ಕಲೆ ಕಂದಾಗಿ ಅಲ್ಲಿಯೇ ಕುಳಿತಿತು. ಅವನನ್ನು ದೂರುವಂತಿಲ್ಲ, ಇದು ಏತರ ಕಲೆಯೆಂದು ನಾಚಿಕೆಯಿಂದ ನಾವು ಅವನಿಗೆ ಹೇಳಿಯೇ ಇರಲಿಲ್ಲ. ಮೂರನೆಯದಾಗಿ ನೆಲಕ್ಕೆ ಧಾರಾಳವಾಗಿ ಫಿನೈಲು ಹಾಕಿದೆವು. ಇದು ಎಲ್ಲಕ್ಕಿಂತ ದೊಡ್ಡ ತಪ್ಪು. ಬೆಕ್ಕು ನೆಲದ ಮೇಲೆ ನಡೆದು ತನ್ನ ಅಂಗಾಲನ್ನು ತಾನೇ ನೆಕ್ಕಿಕೊಳ್ಳುತ್ತದೆ. ಫಿನಾಲ್ ಜಾತಿಯ ವಿಷವನ್ನು ಅರಗಿಸಿ ಹೊರಹಾಕುವ ಶಕ್ತಿ ಅದರ ಪಿತ್ತಜನಕಾಂಗಕ್ಕೆ ಬಹಳ ಕಡಿಮೆ. ನಾಯಿ ತಡೆದುಕೊಂಡೀತು, ಬೆಕ್ಕು ತಡೆಯಲಾರದು. ಟ್ರಂಕಿನಲ್ಲಿ ಹಾಕುವ ಡಾಂಬರುಗುಳಿಗೆಯೂ ಅದಕ್ಕೆ ವಿಷವೇ. ಬ್ಲೀಚಿಂಗ್ ಪುಡಿಯನ್ನು ಮಾತ್ರ ಮುಟ್ಟಲಿಲ್ಲವೆಂಬುದು ಪುಣ್ಯ. ಹಳೆಯ ಮೂತ್ರದಲ್ಲಿ ಹುಟ್ಟಿದ ಅಮೋನಿಯದೊಡನೆ ಅದು ಕೂಡಿದರೆ ಎದೆಗೆ ಕೇಡಾದ ಗಾಳಿ ಏಳುತ್ತದೆ.

ರಾತ್ರಿ ಅಕ್ಕನಿಗೆ ಫೋನು ಮಾಡಿದೆವು. ಆ ಕಡೆಯಿಂದ ಒಂದು ನಿಮಿಷ ಮಾತಿಲ್ಲ. ಆಮೇಲೆ, "ಏ ತಮ್ಮಾ, ನಾ ಬರೂತನಕಾ ಇನ್ನ ನೀರಾಗ ಹಾಕಬ್ಯಾಡ. ಮುಂಜಾನಿ ಬರತೇನಿ," ಎಂದಳು.

ಆ ರಾತ್ರಿ ನಿದ್ದೆ ಬರಲಿಲ್ಲ. ಈ ವಾಸನೆ ಹೀಗೇಕೆ ಬಿಡದೆ ಕಾಡುತ್ತದೆಂದು ಓದುತ್ತ ಕುಳಿತೆವು. ಬೆಕ್ಕಿನ ಮೂಲಪುರುಷ ಒಣನಾಡಿನ ಕಾಡುಬೆಕ್ಕು. ನೀರು ಸಿಗದ ನಾಡಿನಲ್ಲಿ ಒಂದು ಹನಿಯನ್ನೂ ವ್ಯರ್ಥ ಮಾಡದ ಮೂತ್ರಪಿಂಡ ಅದಕ್ಕೆ ಬಂದಿದೆ. ಆದ್ದರಿಂದ ಮೂತ್ರ ಸ್ವಲ್ಪ, ಸತ್ವ ಬಹಳ. ಅದರಲ್ಲಿಯ ಯೂರಿಯವನ್ನು ಸೂಕ್ಷ್ಮಜೀವಿಗಳು ಒಡೆದು ಅಮೋನಿಯ ಮಾಡುತ್ತವೆ. ಕಣ್ಣಿಗೆ ಚುಚ್ಚುವ ವಾಸನೆ ಅದು. ಆದರೆ ಬೆಕ್ಕಿನದೇ ಆದ ವಾಸನೆ ಬೇರೆ. ಅದರ ಮೂತ್ರದಲ್ಲಿ ಫೆಲಿನೀನ್ ಎಂಬ, ಗಂಧಕವುಳ್ಳ ಒಂದು ಅಮೈನೋ ಆಮ್ಲ ಇರುತ್ತದೆ. ತಾಜಾ ಇದ್ದಾಗ ಅದಕ್ಕೆ ಹೇಳಿಕೊಳ್ಳುವಂಥ ವಾಸನೆಯಿಲ್ಲ. ನಿಧಾನವಾಗಿ ಒಡೆದು ನಾರುವ ಗಂಧಕದ ಸಂಯುಕ್ತವಾಗುತ್ತದೆ. ಈ ಫೆಲಿನೀನ್ ಹುಟ್ಟುವುದಕ್ಕೆ ನೆರವಾಗುವ ಕಾಕ್ಸಿನ್ ಎಂಬ ಪ್ರೋಟೀನಿನ ಕೆಲಸವನ್ನು ಜಪಾನಿನ ವಿಜ್ಞಾನಿಗಳು 2006ರಲ್ಲಿ ವಿವರಿಸಿದರು. ಬೀಜ ತೆಗೆಸದ ಗಂಡು ಬೆಕ್ಕಿನಲ್ಲಿ ಇವೆಲ್ಲ ಅಧಿಕ. ಆದ್ದರಿಂದಲೇ ಮೊದಲ ದಿನ ಸುಮಾರಾಗಿದ್ದ ವಾಸನೆ ನಾಲ್ಕನೆಯ ದಿನಕ್ಕೆ ಏರುತ್ತದೆ. ಒಣಗಿದ ಮೇಲೆ ಹೋಯಿತೆಂದು ನಾವು ಸಮಾಧಾನ ಪಡುತ್ತೇವೆ. ಹೋಗಿರುವುದಿಲ್ಲ. ನೂಲಿನಲ್ಲಿ ಉಳಿದ ಲವಣ ಆಷಾಢದ ತೇವವನ್ನು ಹೀರಿಕೊಂಡ ದಿನ ಮತ್ತೆ ಎದ್ದು ಬರುತ್ತದೆ. ಊದಿನಕಡ್ಡಿ, ಅತ್ತರು ಯಾವುದೂ ಇದಕ್ಕೆ ಮದ್ದಲ್ಲ. ಎರಡು ವಾಸನೆಗಳು ಸೇರಿ ಮೂರನೆಯದೊಂದಾಗುತ್ತದೆ, ಅಷ್ಟೆ.

ಮುಂಜಾನೆ ಅಕ್ಕ ಬಂದಳು. ಕೈಕಾಲು ತೊಳೆಯದೆ ಟ್ರಂಕಿನ ಮುಂದೆ ಕುಳಿತಳು. ನಮ್ಮಾಕೆ ಮೆಲ್ಲಗೆ, "ವೈನಿ, ತೊಳೀದಿದ್ರ ಇಡಾಕ ಬರೂದಿಲ್ರೀ. ಹುಳಾ ಬೀಳತಾವ," ಎಂದಳು. ಅಕ್ಕ ಸಿಡುಕಿದಳು: "ತೊಳದ್ರ ಬೆಕ್ಕಿಂದೂ ಹೋಗ್ತದ, ಅವ್ವಂದೂ ಹೋಗ್ತದ. ಎರಡೂ ಬ್ಯಾರೆ ಬ್ಯಾರೆ ಹೊಕ್ಕಿರ್ತಾವೇನು?"

ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಓದಿದ ಪುಸ್ತಕಗಳಲ್ಲಿಯೂ ಇರಲಿಲ್ಲ.

ದಾರಿ ಸಿಕ್ಕದ್ದು ದೀಪದಿಂದ. ನಗದು ವಿಭಾಗದವರು ನೋಟು ಪರೀಕ್ಷಿಸುವ ನೇರಳೆ ದೀಪವನ್ನು ವಾಚಕರು ಕಂಡಿರಬಹುದು. ಆ ಬೆಳಕಿನಲ್ಲಿ ಮೂತ್ರದ ಕಲೆ ಮಂಕಾದ ಹಳದಿ ಹಸಿರಾಗಿ ಹೊಳೆಯುತ್ತದೆ. ಸರಕಾರಿ ಸೊತ್ತನ್ನು ಮನೆಗೆ ತರಲಿಲ್ಲ. ಅಂಥದೇ ಸಣ್ಣ ಬ್ಯಾಟರಿಯೊಂದನ್ನು ಕೊಂಡು ತಂದೆವು. ಕೋಣೆ ಕತ್ತಲು ಮಾಡಿ ಕೌದಿಯನ್ನು ಹಾಸಿ ನೋಡಿದೆವು. ಸೋಪಿನ ಪುಡಿಯಲ್ಲಿ ಒಗೆದ ಬಿಳಿ ಬಟ್ಟೆಯೂ ಈ ಬೆಳಕಿಗೆ ಹೊಳೆಯುತ್ತದೆ, ಆದರೆ ಅದು ನೀಲಿಯ ಹೊಳಪು. ಅಪ್ಪನ ಧೋತರದ ತುಂಡು ಹಾಗೆ ಬೆಳಗಿ ನಮ್ಮನ್ನು ಮೊದಲು ಹೆದರಿಸಿತು. ಕಲೆ ಬಿದ್ದದ್ದು ನಡುವಿನಲ್ಲಿ ಮತ್ತು ಒಂದು ಪಕ್ಕದಲ್ಲಿ. ತಲೆಯ ಕಡೆಯ ಒಂದು ಮೂಲೆಗೆ ಏನೂ ತಗಲಿರಲಿಲ್ಲ. ಅಕ್ಕ ಕತ್ತರಿ ಕೇಳಿದಳು. ಆ ಮೂಲೆಯಲ್ಲಿದ್ದ ಅಜ್ಜಿಯ ಸೀರೆಯ ಒಂದು ಗೇಣು ತುಂಡಿನ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿ ತೆಗೆದು, ಒಂದು ಸ್ಟೀಲಿನ ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿದಳು. "ಇನ್ನ ತೊಳೀರಿ," ಎಂದಳು.

ಇನ್ನು ತೊಳೆದ ರೀತಿ. ಹತ್ತಿಯ ಅರಿವೆಗೆಲ್ಲ ಇದು ಒಪ್ಪುತ್ತದೆ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ.

ಹಸಿಯಾಗಿದ್ದರೆ ಉಜ್ಜಕೂಡದು, ಒತ್ತಬೇಕು. ಉಜ್ಜಿದರೆ ಕಲೆ ಅಗಲವಾಗಿ ಆಳಕ್ಕಿಳಿಯುತ್ತದೆ. ಹಳೆಯ ಟಾವೆಲು ಹಾಸಿ ಮೇಲಿಂದ ಅಂಗೈಯಿಂದ ಒತ್ತಿ, ಟಾವೆಲು ಬದಲಿಸುತ್ತ ಹೋಗಬೇಕು. ಬಳಿಕ ಪ್ರತಿಯೊಂದು ಬಣ್ಣದ ಪರೀಕ್ಷೆ. ಬಿಳಿಯ ಚಿಂದಿಯನ್ನು ಒದ್ದೆ ಮಾಡಿ, ಕಾಣದ ಒಂದು ಜಾಗದಲ್ಲಿ ಎರಡು ನಿಮಿಷ ಒತ್ತಿ ಹಿಡಿದು, ಬಣ್ಣ ಬಿಟ್ಟಿದೆಯೇ ಎಂದು ನೋಡಬೇಕು. ಕೌದಿಯಲ್ಲಿ ಇಪ್ಪತ್ತು ಮನೆಯ ಬಣ್ಣಗಳಿರುತ್ತವೆ. ನಮ್ಮದರಲ್ಲಿ ಅಕ್ಕನ ಪರಕಾರದ ಕೆಂಪೊಂದೇ ಬಿಟ್ಟಿತು. ಅದರ ಕೆಳಗೂ ಮೇಲೂ ಬಿಳಿ ಅರಿವೆಯಿಟ್ಟುಕೊಂಡು ಕೆಲಸ ಮಾಡಿದೆವು. ತಣ್ಣೀರಿನಲ್ಲಿ ಎರಡು ಸಲ ಅದ್ದಿ ತೆಗೆದ ಮೇಲೆ ಒಂದು ಪಾಲು ವಿನೆಗರಿಗೆ ಎರಡು ಪಾಲು ನೀರು ಬೆರೆಸಿ ಕಲೆಯ ಜಾಗಕ್ಕೆ ಹಾಕಿದೆವು. ವಿನೆಗರಿನ ಹುಳಿ ಅಮೋನಿಯವನ್ನು ಹಿಡಿದು ಕಟ್ಟುತ್ತದೆ. ಅರ್ಧ ಗಂಟೆ ಬಿಟ್ಟು ಮತ್ತೆ ತಣ್ಣೀರು. ವಿನೆಗರು ಮತ್ತು ಅಡಿಗೆಯ ಸೋಡಾ ಎರಡನ್ನೂ ಒಟ್ಟಿಗೆ ಹಾಕಿರೆಂದು ಹೇಳುವವರಿದ್ದಾರೆ. ನೊರೆ ಉಕ್ಕುವುದು ನೋಡಲು ಚೆನ್ನಾಗಿರುತ್ತದೆ. ಆದರೆ ಒಂದನ್ನೊಂದು ಕೊಂದುಕೊಂಡು ಕೊನೆಗೆ ಉಳಿಯುವುದು ಬರಿಯ ಉಪ್ಪಿನ ನೀರು. ಸೋಡಾ ಬೇಕಾದದ್ದು ಕೊನೆಯಲ್ಲಿ, ಒಣಗಿದ ಮೇಲೆ, ಪುಡಿ ಉದುರಿಸಿ ಒಂದು ರಾತ್ರಿ ಬಿಟ್ಟು ಝಾಡಿಸುವುದಕ್ಕೆ.

ಇಷ್ಟಕ್ಕೆ ಅರ್ಧ ಹೋಯಿತು. ಉಳಿದರ್ಧಕ್ಕೆ ಕಿಣ್ವದ ದ್ರಾವಣ ತಂದೆವು. ಸಾಕುಪ್ರಾಣಿಗಳ ಸಾಮಾನು ಮಾರುವ ಅಂಗಡಿಗಳಲ್ಲಿ ಎನ್‌ಜೈಮ್ ಎಂದು ಕೇಳಿದರೆ ಕೊಡುತ್ತಾರೆ. ಇದು ಪ್ರೋಟೀನು, ಯೂರಿಯ ಮುಂತಾದವನ್ನು ಜೀರ್ಣ ಮಾಡಿ ಒಡೆಯುತ್ತದೆ. ಜನ ಇದನ್ನು ಚಿಮುಕಿಸಿ ಐದು ನಿಮಿಷಕ್ಕೆ ಒರೆಸಿಬಿಡುತ್ತಾರೆ. ಹಾಗೆ ಮಾಡಿದರೆ ಹಣ ದಂಡ. ಮೂತ್ರ ಎಷ್ಟು ಆಳಕ್ಕೆ ಇಳಿದಿದೆಯೋ ಅಷ್ಟು ಆಳಕ್ಕೆ ಇದೂ ಇಳಿಯಬೇಕು. ತೇವವಿರುವ ತನಕವೇ ಕಿಣ್ವದ ಕೆಲಸ, ಆದ್ದರಿಂದ ಮೇಲೊಂದು ಪ್ಲಾಸ್ಟಿಕ್ ಹಾಳೆ ಮುಚ್ಚಿ ರಾತ್ರಿಯೆಲ್ಲ ಬಿಟ್ಟೆವು. ಮೊದಲ ದಿನ ಬಿಸಿನೀರು ಹೊಯ್ದ ಮೂಲೆಗೆ ಮಾತ್ರ ಹೀಗೆ ಮೂರು ರಾತ್ರಿ ಬೇಕಾಯಿತು.

ಒದ್ದೆ ಕೌದಿಯ ಭಾರ ಎತ್ತಿದವರಿಗೇ ಗೊತ್ತು. ಹಿಂಡಿದರೆ ಹೊಲಿಗೆ ಹರಿಯುತ್ತದೆ. ಹಗ್ಗಕ್ಕೆ ಹಾಕಿದರೆ ತನ್ನ ಭಾರಕ್ಕೆ ತಾನೇ ಜೋತುಬೀಳುತ್ತದೆ. ಎರಡು ಮಂಚ ಜೋಡಿಸಿ ಮೇಲೆ ಹಾಸಿ, ಕೆಳಗೆ ಫ್ಯಾನು ಇಟ್ಟೆವು. ಮೇಲಿನ ಪದರು ಒಣಗಿದಂತೆ ಕಂಡರೂ ನಡುವಿನದು ಹಸಿಯೇ ಇರುತ್ತದೆ. ಹಸಿಯಿದ್ದಾಗ ಮಡಚಿಟ್ಟರೆ ಬೂಸು ನಿಶ್ಚಯ. ನಾಲ್ಕನೆಯ ದಿನ ಪುಣ್ಯಕ್ಕೆ ಬಿಸಿಲು ಬಂತು. ನಮ್ಮಾಕೆ, ಅಕ್ಕ, ನಾವು, ಕೆಳಗಿನ ಮನೆಯ ಹುಡುಗ, ನಾಲ್ವರೂ ನಾಲ್ಕು ಮೂಲೆ ಹಿಡಿದು ಮಹಡಿಗೆ ಒಯ್ದೆವು.

ಇಳಕಲ್ ಸೀರೆಯದು ಬೇರೆ ಕಥೆ. ಇಳಕಲ್ಲಿನ ನೇಕಾರರ ಜಾಣತನವೇ ಇಲ್ಲಿ ಕಷ್ಟಕ್ಕಿಟ್ಟುಕೊಂಡಿತು. ಆ ಸೀರೆಯ ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಅದರ ಮೇಲೆ ಕೆಂಪು ಸೆರಗಿನಲ್ಲಿ ಬಿಳಿಯ ತೆನೆ ಏಳುತ್ತದೆ. ತೋಪತೆನಿಯ ಸೆರಗು ಎನ್ನುವುದು ಇದನ್ನೇ. ಈಗ ಹತ್ತಿಗೆ ಹೇಳಿದ ಕಿಣ್ವವನ್ನು ಸೆರಗಿಗೆ ಹಾಕಿದರೆ ಏನಾಗಬೇಕು? ರೇಷ್ಮೆಯೂ ಪ್ರೋಟೀನೇ. ಪ್ರೋಟೀನನ್ನು ತಿನ್ನುವ ಕಿಣ್ವ ಕಲೆಯ ಸಂಗಡ ಸೆರಗನ್ನೂ ತಿನ್ನತೊಡಗುತ್ತದೆ. ಉಣ್ಣೆಯ ಶಾಲಿಗೂ ಇದೇ ಮಾತು. ಬೆಳ್ಳಿಯ ಜರಿಯಿದ್ದರೆ ಮತ್ತೊಂದು ಆತಂಕ. ಗಂಧಕ ಸೋಕಿದ ಬೆಳ್ಳಿ ಕಪ್ಪಾಗುತ್ತದೆ. ನಮ್ಮದಕ್ಕೆ ಜರಿಯಿರಲಿಲ್ಲ.

ಅಕ್ಕ ಮಂಡಯಿಗೆ ಹೋಗಿ ಅಂಟವಾಳದ ಕಾಯಿ ತಂದಳು. ಇಲ್ಲಿಯವರು ರಿಠಾ ಎನ್ನುತ್ತಾರೆ. ರಾತ್ರಿ ನೆನೆಹಾಕಿ, ಮುಂಜಾನೆ ಕುದಿಸಿ, ಸೋಸಿ, ಪೂರಾ ಆರಿಸಿದ ನೀರಿನಲ್ಲಿ ಸೆರಗನ್ನು ಅದ್ದಿ ಅದ್ದಿ ತೆಗೆದೆವು. ಕೊನೆಯ ತಣ್ಣೀರಿಗೆ ಒಂದೇ ಚಮಚೆ ವಿನೆಗರು. ಹಿಂಡದೆ ಟಾವೆಲಿನಲ್ಲಿ ಸುರುಳಿ ಸುತ್ತಿ ನೀರು ತೆಗೆದು ನೆರಳಿಗೆ ಹಾಕಿದೆವು. ವಾಸನೆ ಹೋಯಿತು. ಇಸ್ತ್ರಿ ಸುಟ್ಟು ಕೂಡಿಸಿದ ಕಂದು ಕಲೆ ಹೋಗಲಿಲ್ಲ. ಹೈಡ್ರೊಜನ್ ಪೆರಾಕ್ಸೈಡ್ ಹಾಕಿ ತೆಗೆಯಬಹುದೆಂದು ಒಬ್ಬರು ಹೇಳಿದರು. ಬಿಳಿಯ ಹತ್ತಿಗಾದರೆ ಹೌದು. ಕೆಂಪು ಸೆರಗಿಗೆ ಹಾಕಿ ಬಣ್ಣವನ್ನೇ ಕಳೆದುಕೊಳ್ಳುವ ಧೈರ್ಯ ನಮಗಾಗಲಿಲ್ಲ. ಕಲೆಯಿದ್ದಂತೆಯೇ ಮಡಚಿಟ್ಟಿದ್ದೇವೆ.

ಪತ್ರಗಳ ಗಂಟಿನ ಅಂಚಿಗಷ್ಟೇ ಹಸಿ ತಾಕಿತ್ತು. ಇಲ್ಲಿ ನಮ್ಮನ್ನು ಕಾಪಾಡಿದವರು ಪಕ್ಕದ ಮನೆಯ ಆಜಿ. ಪುಣೆಯ ಹಳಬರು ಕಾಲವನ್ನು ಲೆಕ್ಕ ಹಾಕುವುದು ಪಾನಶೇತದ ಹಿಂದೆ, ಪಾನಶೇತದ ಮುಂದೆ ಎಂದು. 1961ರ ಜುಲೈ 12ರಂದು ಪಾನಶೇತ ಅಣೆಕಟ್ಟು ಒಡೆದು, ಅದರ ನೀರು ಖಡಕವಾಸಲೆಯ ಕಟ್ಟೆಯನ್ನೂ ಒಡೆದು, ಮುಠಾ ನದಿ ಪೇಟೆಗಳಲ್ಲಿ ಹೊಕ್ಕಿತು. ಆಜಿ ಆಗ ಸಣ್ಣ ಹುಡುಗಿ. ನೀರಿಳಿದ ಮೇಲೆ ಮನೆಯ ಫೋಟೋಗಳೆಲ್ಲ ಒಂದಕ್ಕೊಂದು ಅಂಟಿದ್ದವಂತೆ. ಅವರ ತಂದೆ ಎಳೆದು ಬಿಡಿಸಲು ಬಿಡದೆ, ಬಕೆಟ್ಟಿನ ಶುದ್ಧ ತಣ್ಣೀರಿನಲ್ಲಿ ಇಳಿಬಿಟ್ಟು, ತಾವಾಗಿ ಬಿಟ್ಟುಕೊಳ್ಳುವ ತನಕ ಕಾದರಂತೆ. ಹಳೆಯ ಫೋಟೋದ ಮೇಲ್ಮೈ ಜಿಲೆಟಿನ್ನಿನದು. ಒದ್ದೆಯಾದಾಗ ಅದು ಉಬ್ಬಿ ಅಂಟಾಗುತ್ತದೆ. ಆಗ ಬೆರಳು ತಾಕಿದರೆ ಮುಖವೇ ಬೆರಳಿಗೆ ಬರುತ್ತದೆ. ನಮ್ಮ ಫೋಟೋ ಒಂದು ಪತ್ರಕ್ಕೆ ಅಂಟಿತ್ತು. ಪತ್ರದ್ದು ಶಾಯಿಯ ಬರಹ, ನೀರಿನಲ್ಲಿ ಬಿಟ್ಟರೆ ಹರಡುತ್ತದೆ. ಎರಡರಲ್ಲಿ ಯಾವುದನ್ನು ಉಳಿಸಬೇಕು? ಆಜಿ ಕನ್ನಡಕ ಹಾಕಿಕೊಂಡು ನೋಡಿ, ಅಂಟಿದ್ದು ಬರಹವಿಲ್ಲದ ಮಗ್ಗುಲೆಂದು ಹೇಳಿದರು. ಆ ಅಂಚಿಗಷ್ಟೇ ಒದ್ದೆ ಹತ್ತಿ ಒತ್ತಿ ಒತ್ತಿ, ಒಂದು ತಾಸಿನ ಮೇಲೆ ಬಿಡಿಸಿಕೊಂಡೆವು.

ಪತ್ರಗಳಿಗೆ ವಿನೆಗರೂ ಇಲ್ಲ, ಬಿಸಿಲೂ ಇಲ್ಲ. ಶಾಯಿ ಹೀರುವ ಕಾಗದದ ನಡುವೆ ಇಟ್ಟು ಮೇಲೆ ಪುಸ್ತಕದ ಹೇರು. ದಿನಕ್ಕೆರಡು ಸಲ ಕಾಗದ ಬದಲು. ಒಣಗಿದ ಬಳಿಕ ಒಂದು ದೊಡ್ಡ ಡಬ್ಬಿಯ ತಳದಲ್ಲಿ ಬಟ್ಟಲು ತುಂಬ ಅಡಿಗೆಯ ಸೋಡಾ ಇಟ್ಟು, ಅದಕ್ಕೆ ತಾಕದಂತೆ ಮೇಲೆ ಜಾಳಿಗೆಯ ಮೇಲೆ ಪತ್ರಗಳನ್ನಿಟ್ಟು, ಎರಡು ವಾರ ಮುಚ್ಚಿಟ್ಟೆವು. ವಾಸನೆ ಮುಕ್ಕಾಲು ಪಾಲು ಹೋಗಿದೆ. ಅಂಚಿನ ಹಳದಿ ಇದೆ. ಕಾಗದಕ್ಕೆ ಇದಕ್ಕಿಂತ ಹೆಚ್ಚು ಮಾಡಹೋಗುವುದು ಪರಿಣತರಲ್ಲದ ನಮ್ಮಂಥವರಿಗೆ ತಕ್ಕುದಲ್ಲ.

ಬೇರೆ ಮನೆಗಳಲ್ಲಿ ಬೇರೆ ವಸ್ತುಗಳಿರುತ್ತವೆ. ಹಿತ್ತಾಳೆಯ ಸಮೆಗೆ ತಾಗಿದರೆ ಕೂಡಲೇ ತೊಳೆದು ಒರೆಸಬೇಕು. ಅಮೋನಿಯ ತಾಮ್ರವನ್ನು ತಿಂದು ನೀಲಿಹಸಿರು ಕಲೆ ಮಾಡುತ್ತದೆ. ಕಟ್ಟಿಗೆಯ ಪೆಟ್ಟಿಗೆಯಾದರೆ ಒದ್ದೆ ಅರಿವೆಯಿಂದ ಒರೆಸಿ ಕೂಡಲೇ ಒಣ ಅರಿವೆ ಆಡಿಸಬೇಕು. ಪಾಲಿಶು ಬಿರಿದ ಕಟ್ಟಿಗೆಯೊಳಗೆ ಇಳಿದಿದ್ದರೆ ಬಡಗಿಯನ್ನು ಕರೆಯುವುದೇ ಸರಿ.

ಬಾಜೀರಾವ್ ರಸ್ತೆಯ ಹತ್ತಿರ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯವಿದೆಯಷ್ಟೆ. ದಿನಕರ ಕೇಳಕರರು ತೀರಿಕೊಂಡ ಮಗ ರಾಜಾನ ನೆನಪಿಗೆ ಅದಕ್ಕೆ ಆ ಹೆಸರಿಟ್ಟರು. ಅಲ್ಲಿ ಅಡಕೊತ್ತು, ದೀಪ, ಮಸಿಕುಡಿಕೆ, ಅಡಿಗೆಯ ಪಾತ್ರೆ ಮುಂತಾದ ಮನೆಮನೆಯ ಸಾಮಾನುಗಳನ್ನೇ ಜೋಪಾನವಾಗಿ ಇಟ್ಟಿದ್ದಾರೆ. ಅಕ್ಕನನ್ನು ಒಂದು ದಿನ ಕರೆದೊಯ್ದಿದ್ದೆವು. "ಇಲ್ಲಿ ಗಾಜು ಅದ, ಬೆಕ್ಕಿಲ್ಲ," ಎಂದಳು. ನಮ್ಮ ಮನೆಯಲ್ಲಿ ಬೆಕ್ಕಿದೆ, ಗಾಜಿಲ್ಲ.

ಬೆಕ್ಕಿನ ಮಾತು ಬಂತು. ನೆರೆಯವರಲ್ಲಿ ಇಬ್ಬರು ಅವನನ್ನು ದೂರ ಬಿಟ್ಟುಬರಲು ಹೇಳಿದರು. ನಾವೂ ಒಂದು ರಾತ್ರಿ ಹಾಗೆ ಯೋಚಿಸಿದ್ದೆವೆಂದು ಒಪ್ಪಿಕೊಳ್ಳುತ್ತೇವೆ. ಆದರೆ ಮರುದಿನ ಅವನು ಬಚ್ಚಲಿನಲ್ಲಿ ಕುಳಿತು ಮುಕ್ಕಿರಿಯುತ್ತಿದ್ದುದನ್ನು ನಮ್ಮಾಕೆ ನೋಡಿದಳು. ಹನಿ ಹನಿ ಬರುತ್ತಿತ್ತು. 'ಅಲ್ರೀ, ಇವ್ಗ ಏನೋ ಆಗೇದ್ರೀ,' ಎಂದು ಕರೆದಳು. ಪಶುವೈದ್ಯರು ಮುಟ್ಟಿ ನೋಡಿ, ಮೂತ್ರಕೋಶಕ್ಕೆ ಬಾವು ಬಂದಿದೆಯೆಂದರು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಣ್ಣದು. ಪೂರಾ ಕಟ್ಟಿಬಿಟ್ಟರೆ ಒಂದೆರಡು ದಿನಗಳಲ್ಲಿ ಪ್ರಾಣಕ್ಕೇ ಬರುತ್ತದೆ. ಮುಕ್ಕಿರಿದರೂ ಒಂದು ಹನಿ ಬಾರದಿದ್ದರೆ ನಾಳೆಗೆಂದು ಬಿಡದೆ ಆ ಗಳಿಗೆಯಲ್ಲಿಯೇ ಕರೆತರಬೇಕೆಂದು ತಾಕೀತು ಮಾಡಿದರು. ನೋವಿದ್ದ ಬೆಕ್ಕು ಮರಳಿನ ತಟ್ಟೆಯನ್ನೇ ನೋವಿಗೆ ಕಾರಣವೆಂದು ತಿಳಿದು, ಮೆತ್ತಗಿನ ಬೇರೆ ಜಾಗ ಹುಡುಕುವುದುಂಟಂತೆ. ಬೋಕ್ಯಾ ಬೆಳೆದದ್ದು ಅವ್ವನ ಕಾಲಬುಡದಲ್ಲಿ, ಅದೇ ಕೌದಿಯ ಮೇಲೆ.

ಔಷಧ ಕೊಟ್ಟು, ಗುಣವಾದ ಮೇಲೆ ಬೀಜ ತೆಗೆಸಿದೆವು. ಒಂದು ಬೆಕ್ಕಿದ್ದರೆ ಎರಡು ತಟ್ಟೆ ಇಡಬೇಕೆಂಬುದು ವೈದ್ಯರ ಲೆಕ್ಕ. ಒಂದು ಬಾಲ್ಕನಿಯಲ್ಲಿದೆ, ಇನ್ನೊಂದು ಬಚ್ಚಲಿನ ಮಗ್ಗುಲಲ್ಲಿ. ದಿನಾಲು ತೆಗೆಯುವ ಕೆಲಸ ನಮ್ಮ ಪಾಲಿಗೆ ಬಂದಿದೆ. ಕಚೇರಿಗೆ ಹೊರಡುವ ಮುಂಚಿನ ಈ ಸೇವೆಯನ್ನು ನಮ್ಮ ಮೇಲಿನ ಅಧಿಕಾರಿಗಳು ಅರಿಯರು.

ಕೌದಿಯ ಬಿಚ್ಚಿದ ಮೂಲೆಗೆ ನಮ್ಮಾಕೆ ತನ್ನ ನೀಲಿ ಸೀರೆಯ ತುಂಡು ಹಚ್ಚಿ ಹೊಲಿದಳು. ಅವಳ ಹೊಲಿಗೆ ಅವ್ವನ ಹೊಲಿಗೆಗಿಂತ ದೊಡ್ಡದು, ದೂರದಿಂದಲೇ ಗುರುತು ಸಿಗುತ್ತದೆ. ಈ ಚಳಿಯಲ್ಲಿ ಮಕ್ಕಳು ಅದನ್ನೇ ಹೊದೆಯುತ್ತಿದ್ದಾರೆ. ಸೋಪಿನ ವಾಸನೆಯೂ ಬಿಸಿಲಿನ ವಾಸನೆಯೂ ಇವೆ; ಬೇರೆ ಏನೂ ಇಲ್ಲ.

ದೀಪಾವಳಿಗೆ ಅಕ್ಕ ಬಂದಾಗ, ಆ ಡಬ್ಬಿ ತಂದಿರುವೆಯಾ ಎಂದು ಕೇಳಿದೆವು.

"ಇಲ್ಲೋ ತಮ್ಮಾ," ಎಂದಳು. "ಅದನ್ನ ಘಳಿಗಿ ಘಳಿಗಿಗೆ ತಗೀಬಾರದು. ಖರ್ಚಾಗ್ತದ."